ಎರಿ ಹೊಲಕ್ಕೆ ಯಂತ್ರದ ಬುದ್ಧಿ: ನಂಬುವ ಮೊದಲು ಅಳೆಯಿರಿ

ಕಳೆದ ಹಿಂಗಾರಿ ಬಿತ್ತಿಗೆಯ ಹೊತ್ತಿಗೆ ಬಬಲೇಶ್ವರ ತಾಲ್ಲೂಕಿನ ನಿಡೋಣಿಯಲ್ಲಿ ರೈತರೊಬ್ಬರು ನನ್ನನ್ನು ತಡೆದು ಕೇಳಿದರು: “ಸಾಹೇಬ್ರ, ಮೊಬೈಲ್ ‘ಬಿತ್ತು’ ಅಂತೈತಿ, ನೆಲ ‘ತಡಿ’ ಅಂತೈತಿ. ಯಾರ ಮಾತ ಕೇಳೂಣ್ರಿ?”

ಅವರು ತಮಾಷೆಗೆ ಕೇಳಿರಲಿಲ್ಲ. ಅದರ ಹಿಂದಿನ ವರ್ಷ ಮೊಬೈಲಿಗೆ ಬಂದ ಸಲಹೆ ನಂಬಿ ನಾಲ್ಕು ಎಕರೆ ಬಿಳಿಜೋಳವನ್ನು ಒಂದೇ ದಿನ ಬಿತ್ತಿದ್ದರು. ಆಳವಾದ ಎರಿಯಲ್ಲಿ ಪೈರು ಚೆನ್ನಾಗಿ ಎದ್ದಿತು. ಮೇಲಿನ ಮಡ್ಡಿಯ ಕಡೆ ಮೊಳಕೆಯೇ ಒಣಗಿತು. ಬೀಜ, ಗೊಬ್ಬರ, ಟ್ರ್ಯಾಕ್ಟರಿನ ಬಾಡಿಗೆ ಮಣ್ಣುಪಾಲಾದವು. ಮರುಬಿತ್ತಿಗೆಗೆ ಹಸಿ ಉಳಿದಿರಲಿಲ್ಲ. ಮನೆಯ ರೊಟ್ಟಿಯೂ ದನಗಳ ಕಣಿಕಿಯೂ ಅರ್ಧಕ್ಕೆ ಇಳಿದವು.

ರೈತ ಬಾಂಧವರೇ, ಇಂದು ವಿಶ್ವವಿದ್ಯಾಲಯಗಳಲ್ಲಿ ಮತ್ತು ಸಂಶೋಧನಾ ಸಂಸ್ಥೆಗಳಲ್ಲಿ ಕೃತಕ ಬುದ್ಧಿಮತ್ತೆ, ಸೆನ್ಸರ್ ಉಪಕರಣಗಳು ಮತ್ತು ಹೊಸ ಬಗೆಯ ವಸ್ತುಗಳ ಮೇಲೆ ಭರದಿಂದ ಸಂಶೋಧನೆ ನಡೆದಿದೆ. ಇವು ನಮ್ಮ ಎರಿ ಹೊಲಕ್ಕೆ ಎಷ್ಟರ ಮಟ್ಟಿಗೆ ಒಗ್ಗುತ್ತವೆ, ಎಲ್ಲಿ ಎಚ್ಚರ ಬೇಕು ಎಂಬುದನ್ನು ಈ ಲೇಖನದಲ್ಲಿ ತಿಳಿಯೋಣ.

ಪ್ರಶ್ನೆ ಹಳೆಯದು

ಯಾವಾಗ ಬಿತ್ತಬೇಕು, ಹಸಿಯನ್ನು ಹೇಗೆ ಹಿಡಿಯಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕಲೆಂದೇ 1930ರ ದಶಕದಲ್ಲಿ ಸೊಲ್ಲಾಪುರ, ವಿಜಾಪುರ, ರಾಯಚೂರು, ಹಗರಿ ಮತ್ತು ರೋಹ್ಟಕ್‌ಗಳಲ್ಲಿ ಒಣಬೇಸಾಯದ ಸಂಶೋಧನೆ ಆರಂಭವಾಯಿತು. ಅಂದಿನ ವಿಜಾಪುರವೇ ಇಂದಿನ ವಿಜಯಪುರ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 600 ಮಿ.ಮೀ. ಆಸುಪಾಸು. ಅದರಲ್ಲಿ ಸೆಪ್ಟೆಂಬರ್ ತಿಂಗಳ ಪಾಲೇ ದೊಡ್ಡದು. ಹಿಂಗಾರಿ ಜೋಳ ಮುಖ್ಯವಾಗಿ ಬಿತ್ತಿದ ಮೇಲೆ ಬರುವ ಮಳೆಯಿಂದಲ್ಲ, ಮಣ್ಣು ಮೊದಲೇ ಕುಡಿದಿಟ್ಟುಕೊಂಡ ನೀರಿನಿಂದ ಬೆಳೆಯುತ್ತದೆ.

ಒಂದು ಮೀಟರ್ ಆಳದ ಎರಿ ಮಣ್ಣು ಬೆಳೆಗೆ ದೊರೆಯುವಂಥ ನೀರನ್ನು ಸುಮಾರು 150ರಿಂದ 200 ಮಿ.ಮೀ.ನಷ್ಟು ಹಿಡಿದಿಡಬಲ್ಲದು. ಒಂದು ಅಡಿ ಆಳದ ಮಡ್ಡಿ ಅದರ ಮೂರನೆಯ ಒಂದು ಪಾಲನ್ನೂ ಹಿಡಿಯದು. ಒಂದೇ ಮಳೆ, ಒಂದೇ ಬದುವಿನೊಳಗಿನ ಹೊಲ. ಆದರೂ ಕಥೆ ಎರಡು. ನಿಡೋಣಿಯ ಆ ರೈತರಿಗೆ ಸಲಹೆ ಕೊಟ್ಟ ಯಂತ್ರಕ್ಕೆ ಈ ಭೇದ ಗೊತ್ತಿರಲಿಲ್ಲ.

ಯಂತ್ರ ಕಲಿಯುವ ಬಗೆ

ಕೃತಕ ಬುದ್ಧಿಮತ್ತೆ ಎಂದರೆ ಮಾಯೆಯಲ್ಲ. ಹಿಂದಿನ ಸಾವಿರಾರು ದಾಖಲೆಗಳನ್ನು ಗಣಕಯಂತ್ರಕ್ಕೆ ಒದಗಿಸಿದರೆ ಅದು ಅವುಗಳಲ್ಲಿನ ಹೊಂದಾಣಿಕೆಯನ್ನು ಗುರುತಿಸಿ ಮುಂದಿನದನ್ನು ಅಂದಾಜು ಮಾಡುತ್ತದೆ. ಅನುಭವಿ ಒಕ್ಕಲಿಗನು ಮಳೆ ನಕ್ಷತ್ರಗಳ ಲೆಕ್ಕ ಹಾಕುವುದೂ ಹೆಚ್ಚು ಕಡಿಮೆ ಇದೇ ಬಗೆಯಲ್ಲಿ.

2016ರ ಮುಂಗಾರಿಯಲ್ಲಿ ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆ ಮತ್ತು ಮೈಕ್ರೋಸಾಫ್ಟ್ ಕಂಪನಿ ಕೂಡಿ ಆಂಧ್ರಪ್ರದೇಶದ ಕರ್ನೂಲ್ ಜಿಲ್ಲೆಯ ದೇವನಕೊಂಡದಲ್ಲಿ ಒಂದು ಪ್ರಯೋಗ ನಡೆಸಿದವು. 1986ರಿಂದ 2015ರವರೆಗಿನ 30 ವರ್ಷಗಳ ಹವಾಮಾನ ದಾಖಲೆಯನ್ನು ಆಧರಿಸಿ, ಬೆಳೆಗೆ ಬೇಕಾದ ನೀರಿಗೂ ಸಿಗುವ ನೀರಿಗೂ ಇರುವ ಪ್ರಮಾಣವನ್ನು ಲೆಕ್ಕ ಹಾಕಲಾಯಿತು. ಶೇಂಗಾ ಬಿತ್ತನೆಗೆ ಯೋಗ್ಯವಾದ ವಾರವನ್ನು 175 ರೈತರಿಗೆ ತೆಲುಗು ಸಂದೇಶದ ಮೂಲಕ ತಿಳಿಸಲಾಯಿತು. ಜೂನ್ ಮೊದಲ ವಾರದಲ್ಲಿ ಅವಸರ ಮಾಡದೆ ಕೊನೆಯ ವಾರದವರೆಗೆ ಕಾದ ಈ ರೈತರಿಗೆ ಶೇಕಡಾ 30ರಷ್ಟು ಹೆಚ್ಚು ಇಳುವರಿ ದೊರೆಯಿತೆಂದು ಆ ಸಂಸ್ಥೆಗಳು ವರದಿ ಮಾಡಿದವು. 2017ರಲ್ಲಿ ಈ ಕಾರ್ಯ ಆಂಧ್ರ ಮತ್ತು ಕರ್ನಾಟಕದ 3,000ಕ್ಕೂ ಹೆಚ್ಚು ರೈತರನ್ನು ತಲುಪಿತು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಯಂತ್ರ ಕಲಿತದ್ದು ದೇವನಕೊಂಡದ ದಾಖಲೆಯಿಂದ. ಸಲಹೆ ಕೊಟ್ಟದ್ದೂ ದೇವನಕೊಂಡಕ್ಕೆ.

ಇದಕ್ಕೆ ಎದುರಾದ ಉದಾಹರಣೆಯೂ ಉಂಟು. ಅದೇ 2016ರಲ್ಲಿ ಅಮೆರಿಕ ಮತ್ತು ಸ್ವಿಟ್ಜರ್ಲೆಂಡ್‌ನ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು 54,306 ಎಲೆಗಳ ಚಿತ್ರಗಳನ್ನು ಬಳಸಿ, ರೋಗ ಗುರುತಿಸುವುದನ್ನು ಯಂತ್ರಕ್ಕೆ ಕಲಿಸಿದರು. ಎಲೆ ಕಿತ್ತು, ಸಾದಾ ಹಿನ್ನೆಲೆಯ ಮೇಲಿಟ್ಟು ತೆಗೆದ ಅಂಥದೇ ಚಿತ್ರಗಳಲ್ಲಿ ಪರೀಕ್ಷಿಸಿದಾಗ ಯಂತ್ರ ನೂರಕ್ಕೆ 99ಕ್ಕೂ ಹೆಚ್ಚು ಸರಿ ಹೇಳಿತು. ಬೇರೆ ಸನ್ನಿವೇಶದಲ್ಲಿ ತೆಗೆದ ಚಿತ್ರಗಳನ್ನು ಕೊಟ್ಟಾಗ ಸರಿಯಾದದ್ದು ಸುಮಾರು 31 ಮಾತ್ರ. ಇದನ್ನು ಆ ವಿಜ್ಞಾನಿಗಳೇ ಪ್ರಾಮಾಣಿಕವಾಗಿ ಪ್ರಕಟಿಸಿದ್ದಾರೆ. ಆದ್ದರಿಂದ ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ಬೆಳೆಗಾರರು ಮೊಬೈಲಿನಲ್ಲಿ ಎಲೆಯ ಚಿತ್ರ ತೆಗೆದು ‘ಇದು ದಾವಣಿ ರೋಗ’ ಎಂಬ ಉತ್ತರ ಬಂದ ಮಾತ್ರಕ್ಕೆ ಔಷಧಿ ಹೊಡೆಯಬಾರದು. ಎಲೆಯ ಅಡಿಭಾಗದಲ್ಲಿ ಬಿಳಿ ಬೂಜು ಇದೆಯೇ ಎಂದು ಕಣ್ಣಾರೆ ನೋಡಿ, ತಜ್ಞರನ್ನು ಕೇಳಿ ನಿರ್ಧರಿಸಬೇಕು.

ಹಸಿ ಅಳೆಯುವ ಸೆನ್ಸರ್

ಮಣ್ಣಿನ ತೇವಾಂಶ ಅಳೆಯುವ ಹಲವು ಸೆನ್ಸರ್‌ಗಳು ವಿದ್ಯುತ್ ಗುಣವೊಂದನ್ನು ಆಧರಿಸಿವೆ. ಈ ಗುಣದ ಮೌಲ್ಯ ನೀರಿಗೆ ಸುಮಾರು 80, ಒಣಮಣ್ಣಿಗೆ 3ರಿಂದ 5, ಗಾಳಿಗೆ 1. ಇಷ್ಟು ಅಂತರವಿರುವುದರಿಂದ ಹಸಿ ಎಷ್ಟಿದೆ ಎಂದು ಸುಲಭವಾಗಿ ತಿಳಿಯುತ್ತದೆ. ಕೊಯಮತ್ತೂರಿನ ಕಬ್ಬು ತಳಿ ಸಂಶೋಧನಾ ಸಂಸ್ಥೆಯು ನೀಲಿ, ಹಸಿರು, ಕಿತ್ತಳೆ, ಕೆಂಪು ದೀಪಗಳಿಂದ ಹಸಿಯ ಪ್ರಮಾಣ ತೋರಿಸುವ ಸರಳ ಉಪಕರಣವನ್ನು ರೂಪಿಸಿದೆ.

ಆದರೆ ನಮ್ಮ ಎರಿ ಒಣಗಿದಾಗ ಬಿರಿಯುತ್ತದೆ. ಸೆನ್ಸರ್ ಇರುವ ಜಾಗದಲ್ಲೇ ಬಿರುಕು ಬಿಟ್ಟರೆ ಅದು ಮಣ್ಣಿನ ಬದಲು ಗಾಳಿಯನ್ನು ಅಳೆಯುತ್ತದೆ. ಒಮ್ಮೆ ನಾನೇ ಇಂಥ ಸೆನ್ಸರ್ ಹೂಳಿ, ‘ಹಸಿ ಪೂರ್ತಿ ಹೋಯಿತು’ ಎಂಬ ಅಂಕಿ ನಂಬಿ ಗಾಬರಿಯಾಗಿದ್ದೆ. ಪಕ್ಕದಲ್ಲಿ ಅಗೆದು ನೋಡಿದರೆ ಒಂದು ಗೇಣು ಕೆಳಗೆ ಮಣ್ಣು ಉಂಡೆ ಕಟ್ಟುವಷ್ಟು ಹಸಿ ಇತ್ತು. ಆದ್ದರಿಂದ ಸೆನ್ಸರನ್ನು ಎರಿ ಮಣ್ಣಿನಲ್ಲೇ ಪರೀಕ್ಷಿಸಿ ಹೊಂದಿಸಿದ್ದಾರೆಯೇ ಎಂದು ಮಾರುವವರನ್ನು ಕೇಳಿರಿ. ಆಗಾಗ ಮಣ್ಣು ಅಗೆದು ತಾಳೆ ನೋಡಿರಿ.

ನೀರು ಹೀರುವ ಹರಳು

ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯು ಸಸ್ಯನಾರಿನ ಮೂಲದ ‘ಪೂಸಾ ಹೈಡ್ರೋಜೆಲ್’ ಎಂಬ ವಸ್ತುವನ್ನು ಅಭಿವೃದ್ಧಿಪಡಿಸಿದೆ. ಇದು ತನ್ನ ತೂಕದ 350 ಪಟ್ಟು ಶುದ್ಧ ನೀರನ್ನು ಹೀರಿ, ಬೇರಿಗೆ ನಿಧಾನವಾಗಿ ಬಿಟ್ಟುಕೊಡುತ್ತದೆ. ಎಕರೆಗೆ 1ರಿಂದ 2 ಕಿಲೋ ಬಳಸಬೇಕೆಂಬುದು ಶಿಫಾರಸು.

ಈಗ ಒಂದು ಚಿಕ್ಕ ಲೆಕ್ಕ ಮಾಡೋಣ. 2 ಕಿಲೋ ಹರಳು ಒಂದು ಸಲಕ್ಕೆ ಹಿಡಿಯುವ ನೀರು 700 ಲೀಟರ್. ಒಂದು ಎಕರೆಯ ಮೇಲೆ ಬೀಳುವ 1 ಮಿ.ಮೀ. ಮಳೆ ಎಂದರೆ ಸುಮಾರು 4,000 ಲೀಟರ್! ಹಾಗಾದರೆ ಈ ಹರಳು ಬೀಜದ ಸಾಲಿನಲ್ಲಿ ಮೊಳಕೆಗೂ ಎಳೆಬೇರಿಗೂ ಆಸರೆಯಾದೀತೇ ಹೊರತು ಮಳೆಗೆ ಬದಲಾಗಲಾರದು. ಅದೇ ಜುಲೈ ತಿಂಗಳಲ್ಲಿ ಹೊಲದಲ್ಲಿ ಚೌಕು ಮಡಿ ಕಟ್ಟಿ 25 ಮಿ.ಮೀ. ಮಳೆಯನ್ನು ಹರಿಯದಂತೆ ಇಂಗಿಸಿದರೆ ಎಕರೆಗೆ ಒಂದು ಲಕ್ಷ ಲೀಟರ್ ನೀರು ಮಣ್ಣು ಸೇರುತ್ತದೆ. ಚೌಕು ಮಡಿ ಮೊದಲು, ಹರಳು ಆಮೇಲೆ.

ನೀವು ಮಾಡಬೇಕಾದುದು

1. ನೇರ ಬದಿಯ ಡಬ್ಬಿಯೊಂದನ್ನು ಗಿಡ, ಗೋಡೆಗಳಿಂದ ದೂರ ಬಯಲಿನಲ್ಲಿಟ್ಟು, ಪ್ರತಿದಿನ ಬೆಳಿಗ್ಗೆ 8.30ಕ್ಕೆ ನಿಂತ ನೀರನ್ನು ಅಳತೆಪಟ್ಟಿಯಿಂದ ಅಳೆಯಿರಿ. ನೀರಿನ ಎತ್ತರ ಎಷ್ಟು ಮಿ.ಮೀ.ಯೋ ಮಳೆಯೂ ಅಷ್ಟು. ಪಂಚಾಯಿತಿಯ ಮಳೆಮಾಪಕದ ಅಂಕಿಯೊಡನೆ ಹೋಲಿಸಿ ನೋಡಿರಿ.

2. ಹೊಲದ ಮೂರು ನಾಲ್ಕು ಕಡೆ ಅಗೆದು ಮಣ್ಣಿನ ಆಳ ಗುರುತಿಸಿರಿ. ಎರಿ ಎಲ್ಲಿಯವರೆಗೆ, ಮಡ್ಡಿ ಎಲ್ಲಿಂದ ಎಂದು ನಕ್ಷೆ ಬರೆದಿಡಿರಿ.

3. ಮೊಬೈಲಿನ ಸಲಹೆ ಬಂದ ದಿನ ಎರಡೂ ಕಡೆ ಬೀಜ ಬೀಳುವ ಆಳದ ಮಣ್ಣನ್ನು ಹಿಡಿಯಲ್ಲಿ ಒತ್ತಿ ನೋಡಿರಿ. ಉಂಡೆ ಕಟ್ಟದ ಕಡೆ ಕೂರಿಗೆ ಹೂಡಬೇಡಿರಿ.

4. ಯಾವುದೇ ಹೊಸ ವಸ್ತುವನ್ನು ಮೊದಲ ವರ್ಷ ನಾಲ್ಕು ಸಾಲಿಗೆ ಮಾತ್ರ ಹಾಕಿ, ಪಕ್ಕದ ನಾಲ್ಕು ಸಾಲನ್ನು ಹಾಗೇ ಬಿಟ್ಟು, ರಾಶಿಯಾದ ಮೇಲೆ ಎರಡನ್ನೂ ತೂಗಿರಿ.

5. ಇವೆಲ್ಲವನ್ನೂ ದಿನಾಂಕ ಸಹಿತ ಒಂದು ಪುಸ್ತಕದಲ್ಲಿ ಬರೆದಿಡಿರಿ.

ಈ ಪುಸ್ತಕವೇ ಮುಂದೆ ಯಂತ್ರಕ್ಕೆ ನಿಮ್ಮ ಹೊಲವನ್ನು ಕಲಿಸುವ ಪಾಠ. ಅದಿಲ್ಲದಿದ್ದರೆ ಯಂತ್ರವು ಬೇರೆಯವರ ಹೊಲದ ಬುದ್ಧಿಯನ್ನು ನಿಮಗೆ ಹೇಳುತ್ತದೆ.

ನಿಡೋಣಿಯ ರೈತರಿಗೂ ಇದನ್ನೇ ಹೇಳಿದೆ: “ಮೊಬೈಲಿನ ಮಾತು ಕೇಳಿರಿ, ಆದರೆ ನೆಲದ ಒಪ್ಪಿಗೆ ಪಡೆದು ಬಿತ್ತಿರಿ.” ಅವರು ಆ ಸಲ ಎರಿಯನ್ನಷ್ಟೇ ಬಿತ್ತಿದರು. ಮಡ್ಡಿಗೆ ಹಸ್ತ ಮಳೆ ಹದ ಕೊಟ್ಟ ಮೇಲೆ ಕಡಲೆ ಹಾಕಿದರು. ಈಗ ಅವರ ಕಟ್ಟೆಯ ಮೇಲೊಂದು ಡಬ್ಬಿ, ಗೂಡಿನಲ್ಲೊಂದು ಪುಸ್ತಕ ಇವೆ. ನಿಮ್ಮ ಮನೆಯಲ್ಲೂ ಈ ಮಳೆಗಾಲದಿಂದಲೇ ಅವು ಇರಲಿ. ಹೆಚ್ಚಿನ ವಿವರಗಳಿಗೆ ಹತ್ತಿರದ ರೈತ ಸಂಪರ್ಕ ಕೇಂದ್ರ ಇಲ್ಲವೆ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿರಿ.