ಹಳೆಯ ವಿಡಿಯೋ ಆಟದ ಯಂತ್ರವೂ ಮಸುಕಾದ ಚಿತ್ರವೂ

ನಂಜನಗೂಡಿಗೆ ಸಮೀಪದ ಕಳಲೆಯಲ್ಲಿ ನಮ್ಮ ಬಂಧುಗಳೊಬ್ಬರ ಮನೆಯ ಅಟ್ಟದಿಂದ ಈಚೆಗೆ ಒಂದು ಅಟಾರಿ 2600 ಯಂತ್ರವು ಕೆಳಗಿಳಿಯಿತು. 1977ರಲ್ಲಿ ಅಮೆರಿಕದ ಪೇಟೆಗೆ ಬಂದ ವಿಡಿಯೋ ಆಟದ ಯಂತ್ರವಿದು. ಕೊಲ್ಲಿ ದೇಶದಲ್ಲಿ ಉದ್ಯೋಗದಲ್ಲಿದ್ದವರು ಹಿಂದೊಮ್ಮೆ ತಂದುಕೊಟ್ಟದ್ದು. ಟೆಲಿವಿಷನ್ನಿಗೆ ಜೋಡಿಸಿದಾಗ ಆಟವೇನೋ ಮೊದಲಾಯಿತು. ಆದರೆ ಚಿತ್ರವು ಮಾಗಿಯ ಬೆಳಗಿನಲ್ಲಿ ಕಪಿಲೆಯ ಆಚೆಯ ದಡವನ್ನು ನೋಡಿದಂತಿದ್ದಿತು. “ಕೆಟ್ಟುಹೋಗಿದೆ, ಗುಜರಿಗೆ ಹಾಕಿಬಿಡೋಣ” ಎಂದು ಮನೆಯ ಹುಡುಗನ ತೀರ್ಪು. ಯಂತ್ರವು ಕೆಟ್ಟಿರಲಿಲ್ಲ, ದೋಷವಿದ್ದುದು ಚಿತ್ರವು ಸಾಗಿಬರುವ ದಾರಿಯಲ್ಲಿ.

ಆ ದಾರಿಯನ್ನು ವಿಚಾರಿಸೋಣ. ಆ ಕಾಲದ ಬಹುಪಾಲು ಟೆಲಿವಿಷನ್ನುಗಳಿಗೆ ಇದ್ದ ಬಾಗಿಲು ಒಂದೇ: ಆಂಟೆನಾ ತಂತಿಯನ್ನು ಸಿಕ್ಕಿಸುವ ರಂಧ್ರ. ಆದುದರಿಂದ ಆಟದ ಯಂತ್ರವು ತಾನೊಂದು ಪ್ರಸಾರ ಕೇಂದ್ರವೆಂಬಂತೆ ನಟಿಸಬೇಕಾಯಿತು. ಅದರೊಳಗಿನ ಮಾಡ್ಯುಲೇಟರ್ ಎಂಬ ತಗಡಿನ ಪುಟ್ಟ ಪೆಟ್ಟಿಗೆಯು ಚಿತ್ರಸಂಕೇತವನ್ನು, ಸೆಕೆಂಡಿಗೆ ಕೋಟ್ಯಂತರ ಸಲ ಕಂಪಿಸುವ ರೇಡಿಯೋ ತರಂಗದ ಮೇಲೆ ಹೇರುತ್ತದೆ. ಟೆಲಿವಿಷನ್ ಅದನ್ನು ಮರಳಿ ಇಳಿಸಿಕೊಳ್ಳುತ್ತದೆ. ಎದುರು ಮನೆಯವರಿಗೆ ಹೇಳಬೇಕಾದ ಮಾತನ್ನು ಕಾಗದದಲ್ಲಿ ಬರೆದು, ಮೈಸೂರಿಗೆ ಹೋಗಿ ಅಂಚೆಗೆ ಹಾಕಿದಂತೆ! ಹೇರುವಾಗಲೂ ಇಳಿಸುವಾಗಲೂ ಚಿತ್ರದ ಸೂಕ್ಷ್ಮ ವಿವರಗಳು ನಷ್ಟವಾಗುವುವು. ಅಲ್ಲದೆ, ನಮ್ಮ ದೇಶದಲ್ಲಿ ಬಳಕೆಗೆ ಬಂದ ಪಾಲ್ ಪದ್ಧತಿಯಲ್ಲಿ ಬಣ್ಣದ ಸಂಕೇತವು 4.43 ಮೆಗಾಹರ್ಟ್ಸ್‌ನಲ್ಲಿಯೂ ಧ್ವನಿಯು 5.5ರಲ್ಲಿಯೂ ಇರುತ್ತವೆ. ಇವೆರಡೂ ಒಂದರೊಡನೊಂದು ತಾಕಲಾಡಿದರೆ, ಅವುಗಳ ಅಂತರವಾದ 1.07 ಮೆಗಾಹರ್ಟ್ಸ್‌ನ ಬೇಡದ ಸಂಕೇತವು ಹುಟ್ಟಿ, ಪರದೆಯ ಮೇಲೆ ನೇಯ್ಗೆಯಂತಹ ಗೆರೆಗಳು ಮೂಡುವುವು.

ಪರಿಹಾರವು ಇದರಿಂದಲೇ ಹೊಳೆಯುತ್ತದೆ. ಸಂಕೇತವು ಮಾಡ್ಯುಲೇಟರನ್ನು ಹೊಗುವ ಮೊದಲೇ ಅದನ್ನು ಹಿಡಿದು, ಟೆಲಿವಿಷನ್ನಿನ ಹಳದಿ ವಿಡಿಯೋ ರಂಧ್ರಕ್ಕೆ ನೇರವಾಗಿ ಒಯ್ಯಬೇಕು. ಬರಿಯ ತಂತಿ ಸಾಲದು. ಆ ರಂಧ್ರವು 75 ಓಮ್ ರೋಧವುಳ್ಳದ್ದು. ಸುಮಾರು 1 ವೋಲ್ಟಿನ ಸಂಕೇತವನ್ನು ಬಯಸುವಂತಹದು. ಅಷ್ಟು ಹೊರೆಯನ್ನು ಹೊರುವ ಶಕ್ತಿ ಹಳೆಯ ಚಿಪ್ಪಿಗಿಲ್ಲ. ನಡುವೆ ಒಂದು ಟ್ರಾನ್ಸಿಸ್ಟರನ್ನೂ ಕೆಲವು ರೋಧಕಗಳನ್ನೂ ಇಟ್ಟರೆ ಹೊರೆಯನ್ನು ಅವು ಹೊರುತ್ತವೆ.

ಅಟಾರಿಯಲ್ಲಿ ಇನ್ನೊಂದು ಅನುಕೂಲವುಂಟು. ಚಿತ್ರವನ್ನು ರಚಿಸುವ ಟಿಯಾ ಎಂಬ ಚಿಪ್ಪಿನಿಂದ ಬೆಳಕಿನ ಸಂಕೇತವೂ ಬಣ್ಣದ ಸಂಕೇತವೂ ಬೇರೆಬೇರೆ ಕಾಲುಗಳಲ್ಲಿ ಹೊರಬರುತ್ತವೆ. ಅವನ್ನು ಬೆರೆಸದೆ ಎಸ್-ವಿಡಿಯೋ ಮಾರ್ಗದಲ್ಲಿ ಕಳುಹಿಸಿದರೆ ಚಿತ್ರವು ಮತ್ತಷ್ಟು ತಿಳಿಯಾಗುವುದು. ಒಮ್ಮೆ ಬೆರೆತ ಮೇಲೆ ಹಾಲನ್ನೂ ನೀರನ್ನೂ ಬೇರ್ಪಡಿಸುವ ಹಂಸವು ಟೆಲಿವಿಷನ್ನಿನಲ್ಲಿ ಇಲ್ಲ. 1990ರ ದಶಕದಲ್ಲಿ ನಮ್ಮ ಊರುಗಳಲ್ಲಿ ಹರಡಿದ ಆಟದ ಯಂತ್ರಗಳಲ್ಲಿ ಅನೇಕವು 1983ರ ಜಪಾನೀ ಫ್ಯಾಮಿಕಾಮ್‌ನ ನಕಲುಗಳು. ಫ್ಯಾಮಿಕಾಮ್‌ನ ಚಿಪ್ಪು ಎರಡನ್ನೂ ತನ್ನೊಳಗೇ ಬೆರೆಸಿ ಕೊಡುತ್ತದೆ. ಅಲ್ಲಿ ಈ ಉಪಾಯವು ಸಾಗದು. ಇನ್ನು ಅಟಾರಿಯ ಚಿತ್ರದಲ್ಲಿ ಅಡ್ಡಕ್ಕೆ 160 ಬಿಂದುಗಳು ಮಾತ್ರ. ಯಾವ ಬೆಸುಗೆಯಿಂದಲೂ 161ನೆಯದು ಹುಟ್ಟಲಾರದು.

ಮಾಡ್ಯುಲೇಟರನ್ನು ಕಿತ್ತೆಸೆಯುವವರು ಉಂಟು. ನನಗೆ ಅದು ಸರಿಬೀಳದು; ಮೂಲದ ದಾರಿಯನ್ನು ಉಳಿಸಿಕೊಂಡೇ ಹೊಸ ದಾರಿಯನ್ನು ಮಾಡುವುದು ಲೇಸು. ಕೆಲಸಕ್ಕೆ ಮೊದಲು ವಿದ್ಯುತ್ತನ್ನು ಬಿಡಿಸಿರಬೇಕು. ಚಿತ್ರನಾಳವುಳ್ಳ ಹಳೆಯ ಟೆಲಿವಿಷನ್ನನ್ನು ವಿದ್ಯಾರ್ಥಿಗಳು ಎಂದಿಗೂ ಬಿಚ್ಚಕೂಡದು. ಬಣ್ಣದ ಚಿತ್ರನಾಳದಲ್ಲಿ ಇಪ್ಪತ್ತು ಸಾವಿರ ವೋಲ್ಟಿನಷ್ಟು ವಿದ್ಯುತ್ತು ಇರುವುದು. ಯಂತ್ರವನ್ನು ಆರಿಸಿದ ಮೇಲೂ ಅದು ಉಳಿದಿರಬಹುದು.

ಕಳಲೆಯ ಮನೆಯ ಟೆಲಿವಿಷನ್ನಿಗೆ ಹಳದಿ ರಂಧ್ರವಷ್ಟೇ ಇದ್ದುದರಿಂದ ನಾವು ಮೊದಲನೆಯ ಮಾರ್ಗವನ್ನೇ ಹಿಡಿದೆವು. ಪರದೆಯ ಮೇಲಿನ ಅಂಕಿಗಳಲ್ಲಿ 8 ಯಾವುದು, 6 ಯಾವುದು ಎಂಬುದು ಈಗ ಹುಡುಗನಿಗೆ ದೂರದಿಂದಲೇ ತಿಳಿಯುತ್ತದೆ.