ಒಂದು ಡ್ರೈವರಿನ ಮೂರು ವಿಳಾಸ

ಒಂದೇ ಗದ್ದೆಯಲ್ಲಿ ಒಂದು ತೆನೆ ಗಟ್ಟಿ ಕಾಳು ಕಟ್ಟಿದರೆ ಪಕ್ಕದ್ದು ಅರೆಜೊಳ್ಳಾಗುತ್ತದೆ. ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ಚಿಪ್‌ಗಳೂ ಹಾಗೆಯೇ: ಕೆಲವು ಚುರುಕು, ಕೆಲವು ನಿಧಾನ. ತಯಾರಕರು ಅತಿ ನಿಧಾನದ ಚಿಪ್ಪಿಗೂ ಸಾಲುವಷ್ಟು ವೋಲ್ಟೇಜನ್ನು ಎಲ್ಲಕ್ಕೂ ನಿಗದಿ ಮಾಡುತ್ತಾರೆ. ಚುರುಕಾದ ಚಿಪ್ಪಿಗೆ ಅದು ಅಗತ್ಯಕ್ಕಿಂತ ಹೆಚ್ಚು. ಹೆಚ್ಚಾದದ್ದು ಶಾಖವಾಗಿ ಪೋಲಾಗುತ್ತದೆ.

ಈ ಪೋಲು ತಡೆಯಲು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ತನ್ನ ಒಮ್ಯಾಪ್ ಚಿಪ್‌ಗಳಲ್ಲಿ 'ಸ್ಮಾರ್ಟ್‌ರಿಫ್ಲೆಕ್ಸ್' ಎಂಬ ಏರ್ಪಾಡು ಮಾಡಿತು. 2009ರ ನೋಕಿಯಾ ಎನ್900 ಫೋನಿನೊಳಗಿದ್ದ ಒಮ್ಯಾಪ್ 3430 ಇದೇ ಸರಣಿಯದು. ಚಿಪ್ಪಿನೊಳಗೇ ಇರುವ ಪುಟ್ಟ ಆಂದೋಲಕಗಳು ಸಿಲಿಕಾನ್ ಚುರುಕಾಗಿದ್ದಷ್ಟೂ ಬೇಗ ಬೇಗ ಮಿಡಿಯುತ್ತವೆ. ಆ ಮಿಡಿತಗಳನ್ನು ಎಣಿಸಿ, ಕಾರ್ಖಾನೆಯಲ್ಲೇ ಚಿಪ್ಪಿನ ಫ್ಯೂಸ್‌ಗಳಲ್ಲಿ ಬರೆದಿಟ್ಟ ಗುರಿಯೊಂದಿಗೆ ಹೋಲಿಸಲಾಗುತ್ತದೆ. ಎಣಿಕೆ ಗುರಿ ದಾಟಿದರೆ ವೋಲ್ಟೇಜ್ ಇಳಿಯುತ್ತದೆ, ಕಡಿಮೆ ಬಿದ್ದರೆ ಏರುತ್ತದೆ. ಪಕ್ಕದಲ್ಲಿರುವ ವಿದ್ಯುತ್ ನಿರ್ವಹಣಾ ಚಿಪ್ ಅದನ್ನು 12.5 ಮಿಲಿವೋಲ್ಟ್‌ಗಳ ಮೆಟ್ಟಿಲುಗಳಲ್ಲಿ ಹೊಂದಿಸುತ್ತದೆ. ವೇಗ ಅಷ್ಟೇ ಇದ್ದಾಗ, ಟ್ರಾನ್ಸಿಸ್ಟರ್‌ಗಳ ಸ್ವಿಚಿಂಗ್‌ಗೆ ತಗಲುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ಆದ್ದರಿಂದ 1.2 ವೋಲ್ಟ್ ಬದಲು 1.1 ವೋಲ್ಟ್ ಸಾಕಾದರೆ ಆ ಖರ್ಚಿನಲ್ಲಿ ಸುಮಾರು ಶೇ. 16ರಷ್ಟು ಉಳಿಯುತ್ತದೆ.

ಈ ಏರ್ಪಾಡನ್ನು ಶುರುಮಾಡುವುದು, ನಿಲ್ಲಿಸುವುದು, ಪ್ರೊಸೆಸರ್ ವೇಗ ಬದಲಾದಾಗ ಹೊಸ ಗುರಿ ಕೊಡುವುದು ಲಿನಕ್ಸ್ ಕರ್ನಲ್‌ನ ಒಂದು ಡ್ರೈವರಿನ ಕೆಲಸ. ಅದನ್ನು ಕರ್ನಲ್‌ನ ಯಾವ ಫೋಲ್ಡರಿನಲ್ಲಿ ಇಡಬೇಕು? ಎಲ್ಲಿಟ್ಟರೂ ಯಂತ್ರಕ್ಕೆ ವ್ಯತ್ಯಾಸವಿಲ್ಲ. ಮನುಷ್ಯರಿಗೆ ಇದೆ. ಕೋಡನ್ನು ಯಾರು ಪರಿಶೀಲಿಸುತ್ತಾರೆ, ಕರ್ನಲ್ ಬದಲಾದಾಗ ಯಾರು ತಿದ್ದುತ್ತಾರೆ, ಅದೇ ಕೆಲಸ ಮತ್ತೊಬ್ಬರು ಮಾಡಿದ್ದು ಯಾರ ಕಣ್ಣಿಗೆ ಬೀಳುತ್ತದೆ ಎಂಬುದೆಲ್ಲ ಫೋಲ್ಡರಿನ ಮೇಲೆ ನಿಂತಿದೆ.

2011ರ ಮಾರ್ಚ್‌ನಲ್ಲಿ ಬಿಡುಗಡೆಯಾದ 2.6.38 ಆವೃತ್ತಿಯಲ್ಲಿ ಈ ಡ್ರೈವರ್ ಇದ್ದದ್ದು ಪ್ರೊಸೆಸರ್‌ಗಳಿಗೆ ಮೀಸಲಾದ 'ಆರ್ಚ್' ವಿಭಾಗದಲ್ಲಿ, ಒಮ್ಯಾಪ್‌ನ ಫೋಲ್ಡರಿನೊಳಗೆ. ಆಗ ಒಮ್ಯಾಪ್‌ನಂಥ ಆರ್ಮ್ ಚಿಪ್ ಮಾಡುವ ಕಂಪನಿಗಳೆಲ್ಲ ಇದನ್ನೇ ಮಾಡುತ್ತಿದ್ದವು. ಒಂದೇ ಬಗೆಯ ಕೋಡ್ ಹಲವು ಫೋಲ್ಡರ್‌ಗಳಲ್ಲಿ ಬೆಳೆಯುತ್ತಿತ್ತು. ಅದೇ ತಿಂಗಳು ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಇದನ್ನು ಕಟುವಾಗಿ ಆಕ್ಷೇಪಿಸಿದರು. ಅಲ್ಲಿಂದಾಚೆಗೆ ಡ್ರೈವರ್‌ಗಳನ್ನು ಆರ್ಚ್‌ನಿಂದ ಹೊರಸಾಗಿಸುವ ಕೆಲಸ ಚುರುಕಾಯಿತು. 2012ರಲ್ಲಿ ಸ್ಮಾರ್ಟ್‌ರಿಫ್ಲೆಕ್ಸ್ 'ಡ್ರೈವರ್ಸ್/ಪವರ್/ಎವಿಎಸ್' ಎಂಬ ಹೊಸ ಫೋಲ್ಡರಿಗೆ ಹೋಯಿತು. ಹೊಂದಿಕೊಳ್ಳುವ ವೋಲ್ಟೇಜ್ ಡ್ರೈವರ್‌ಗಳೆಲ್ಲ ಒಂದೆಡೆ ಇರಲಿ ಎಂಬುದು ಆಶಯ.

ಮುಂದೆ ರಾಕ್‌ಚಿಪ್, ಕ್ವಾಲ್‌ಕಾಮ್ ಚಿಪ್‌ಗಳ ಡ್ರೈವರ್‌ಗಳೂ ಅಲ್ಲಿಗೆ ಬಂದವು. ಆದರೆ ಅವುಗಳ ನಡುವೆ ಹಂಚಿಕೊಂಡ ಕೋಡ್ ಒಂದು ಸಾಲೂ ಇರಲಿಲ್ಲ. 2020ರಲ್ಲಿ ಆ ಫೋಲ್ಡರನ್ನೇ ತೆಗೆದು, ಒಂದೊಂದನ್ನೂ ಅದರದರ ಚಿಪ್ ಕಂಪನಿಯ ವಿಭಾಗಕ್ಕೆ ಕಳಿಸಿದರು. ಸ್ಮಾರ್ಟ್‌ರಿಫ್ಲೆಕ್ಸ್ 'ಡ್ರೈವರ್ಸ್/ಎಸ್‌ಒಸಿ/ಟಿಐ' ಸೇರಿತು. ಕ್ವಾಲ್‌ಕಾಮ್‌ನ ಡ್ರೈವರ್ ಮಾತ್ರ 2023ರಲ್ಲಿ ಇನ್ನೊಮ್ಮೆ ಎದ್ದು 'ಪಿಎಂಡೊಮೇನ್' ಎಂಬ ಹೊಸ ವಿಭಾಗಕ್ಕೆ ನಡೆಯಿತು. ಏಕೆಂದರೆ ಆ ಡ್ರೈವರ್ ಕರ್ನಲ್‌ನ ಪವರ್ ಡೊಮೇನ್ ಇಂಟರ್‌ಫೇಸನ್ನು ಬಳಸುತ್ತಿತ್ತು. ಆ ಇಂಟರ್‌ಫೇಸ್ ಬಳಸುವ ಇತರ ಡ್ರೈವರ್‌ಗಳೂ, ಅದನ್ನು ಬಲ್ಲ ಪರಿಶೀಲಕರೂ ಅಲ್ಲಿದ್ದರು.

ಈ ಅಲೆದಾಟವನ್ನು ವ್ಯರ್ಥ ಎನ್ನಲಾಗದು. ಮಾಡುವ ಕೆಲಸದ ಹೆಸರು ಒಂದೇ ಆದ ಮಾತ್ರಕ್ಕೆ ಡ್ರೈವರ್‌ಗಳು ಒಂದೇ ಕುಟುಂಬವಾಗುವುದಿಲ್ಲ ಎಂಬುದು ಹೀಗೆ ಇಟ್ಟು ನೋಡಿದ್ದರಿಂದಲೇ ಖಚಿತವಾಯಿತು. ಬೆಂಗಳೂರಿನ ಚಿಪ್ ಕಂಪನಿಗಳಲ್ಲಿ ಇಂಥ ಡ್ರೈವರ್ ಬರೆಯುವವರು ಬಹಳ ಮಂದಿ ಇದ್ದಾರೆ. ಕೋಡ್ ಕಳಿಸುವ ಮುನ್ನ ಅವರು ಕೇಳಿಕೊಳ್ಳಬೇಕಾದದ್ದು ಇಷ್ಟು: ಇದು ಕರ್ನಲ್‌ನ ಯಾವ ಸಾಮಾನ್ಯ ಇಂಟರ್‌ಫೇಸ್ ಮೂಲಕ ಕೆಲಸ ಮಾಡುತ್ತದೆ? ಹಾಗೊಂದು ಇದ್ದರೆ ಡ್ರೈವರಿನ ಜಾಗ ಅಲ್ಲಿ. ಇಲ್ಲದಿದ್ದರೆ ಆ ಚಿಪ್ಪನ್ನು ಬಲ್ಲವರ ಬಳಿ ಇರಲಿ; ಕೆಟ್ಟಾಗ ತಿದ್ದಬೇಕಾದವರು ಅವರೇ.