ಹಿಮವನ್ನು ಅಗೆದವರು

ಕುಂದಗೋಳವೆಂದೊಡನೆ ನಮ್ಮ ಕಿವಿಯಲ್ಲಿ ಮೊದಲು ಮೊಳಗುವುದು ಸಂಗೀತ. ಸವಾಯಿ ಗಂಧರ್ವರು ಹುಟ್ಟಿದ ಊರು ಅದು. ಭೀಮಸೇನ ಜೋಶಿಯವರು ಗುರುವಿನ ಸೇವೆ ಮಾಡುತ್ತ ವಿದ್ಯೆ ಕಲಿತುದೂ ಅಲ್ಲಿಯೇ. ಆ ಊರಿನ ಸುತ್ತಣ ಸೀಮೆಯಾದರೋ ಎರೆಯ ಬಯಲು; ಹತ್ತಿ, ಜೋಳ, ಮೆಣಸಿನಕಾಯಿಗಳ ನಾಡು. ಕಲಘಟಗಿಯ ಕಡೆಗೆ ನಡೆದರೆ ಮಲೆನಾಡಿನ ಸೆರಗು ಕಾಣಿಸುತ್ತದೆ. ಅಣ್ಣಿಗೇರಿ, ನವಲಗುಂದಗಳ ಕಡೆಗೆ ತಿರುಗಿದರೆ ಅಲ್ಲೊಂದು ಇಲ್ಲೊಂದು ಗುಡ್ಡವನ್ನುಳಿದು ನೆಲವೆಲ್ಲ ಚಾಪೆ ಹಾಸಿದಂತೆ. ಈ ಬಯಲಿನ ಜನಕ್ಕೆ ಆಪತ್ತು ಬರುವುದು ಬೆಟ್ಟದಿಂದಲ್ಲ, ನೀರಿನಿಂದ. ಬೇಸಿಗೆಯಲ್ಲಿ ಸಾಧುವಾಗಿ ತೋರುವ ಬೆಣ್ಣಿಹಳ್ಳ ಮಳೆಗಾಲದಲ್ಲಿ ಉಕ್ಕಿ ಹೊಲಗಳ ಮೇಲೆ ಹರಿದಾಗ, ಸಿಕ್ಕಿಬಿದ್ದವರನ್ನು ಎಳೆದು ತರುವವರು ಹಗ್ಗ ಹಿಡಿದು ಬರುವ ನಾಲ್ಕಾರು ಈಜುಗಾರರೇ. ಅವರಿಗೆ ಸಂಘವಿಲ್ಲ, ಸಮವಸ್ತ್ರವಿಲ್ಲ. ಕೂಗು ಕೇಳಿತೆಂದರೆ ಬಂದರು, ಅಷ್ಟೆ.

ಇಂಥ ಬಯಲುಸೀಮೆಯ ಹಳ್ಳಿಯೊಂದರ ಹೆಸರು ೨೦೧೬ರ ಫೆಬ್ರವರಿಯಲ್ಲಿ ಹಿಮಾಲಯದ ಒಂದು ಶೋಧಕಾರ್ಯದೊಡನೆ ಸೇರಿ ದೇಶವನ್ನೆಲ್ಲ ಸುತ್ತಿತು. ಕುಂದಗೋಳ ತಾಲ್ಲೂಕಿನ ಬೆಟದೂರು ಅದು. ಹೆಸರು ಕೇಳಿದವರಿಗೆ ಬೆಟ್ಟದ ಊರೆಂಬ ಭ್ರಮೆಯಾದೀತು. ಸುತ್ತಲೂ ಇರುವುದು ಹೊಲ. ಅಲ್ಲಿನ ರೈತ ಮನೆತನದ ಹನುಮಂತಪ್ಪ ಕೊಪ್ಪದರು ಬಾಲ್ಯದಲ್ಲಿ ಅರಳಿಕಟ್ಟಿಯ ಶಾಲೆಗೆ ಆರು ಕಿಲೋಮೀಟರು ನಡೆದು ಹೋಗುತ್ತಿದ್ದವರು. ೨೦೦೨ರ ಅಕ್ಟೋಬರಿನಲ್ಲಿ ಸೇನೆಗೆ ಸೇರಿ ಮದ್ರಾಸ್ ರೆಜಿಮೆಂಟಿನ ೧೯ನೆಯ ಬೆಟಾಲಿಯನ್ನಿನ ಲ್ಯಾನ್ಸ್ ನಾಯಕರಾದರು. ಹದಿಮೂರು ವರ್ಷಗಳ ಸೇವೆಯಲ್ಲಿ ಹತ್ತು ವರ್ಷ ಅವರು ಕಳೆದುದು ಕಷ್ಟದ ನೆಲೆಗಳಲ್ಲಿ. ಜಮ್ಮು-ಕಾಶ್ಮೀರಕ್ಕೂ ಈಶಾನ್ಯದ ರಾಜ್ಯಗಳಿಗೂ ಅವರು ತಾವಾಗಿ ಕೇಳಿಕೊಂಡು ಹೋದರೆಂಬುದನ್ನು ವಾಚಕರು ಗಮನಿಸಬೇಕು.

ಆ ವರ್ಷದ ಫೆಬ್ರವರಿ ೩ರ ಬೆಳಗಿನ ಜಾವ ಸಿಯಾಚಿನ್ ಹಿಮನದಿಯ ಉತ್ತರ ಭಾಗದಲ್ಲಿ, ೧೯,೬೦೦ ಅಡಿ ಎತ್ತರದಲ್ಲಿರುವ ಸೋನಮ್ ಠಾಣೆಯ ಮೇಲೆ ನೀರ್ಗಲ್ಲಿನ ಮಹಾಗೋಡೆಯೊಂದು ಕಳಚಿ ಬಿದ್ದಿತು. ಠಾಣೆಯಲ್ಲಿದ್ದ ಹತ್ತು ಮಂದಿಯೂ ಅದರಡಿ ಹೂತುಹೋದರು.

ಇಲ್ಲಿ ಭಾಷೆಯ ಮಾತೊಂದನ್ನು ಹೇಳದೆ ಮುಂದೆ ಹೋಗಲಾರೆ. ನಮ್ಮ ಪತ್ರಿಕೆಗಳು ಈ ಘಟನೆಯನ್ನು ಬಹುಮಟ್ಟಿಗೆ ‘ಹಿಮಪಾತ’ವೆಂದೇ ಕರೆದವು. ಆಕಾಶದಿಂದ ಹಿಮ ಉದುರುವುದಕ್ಕೂ ಅದೇ ಶಬ್ದ, ಬೆಟ್ಟದ ಮೈ ಕಳಚಿ ಉರುಳುವುದಕ್ಕೂ ಅದೇ ಶಬ್ದ! ‘ಹಿಮಕುಸಿತ’ವೆಂಬುದು ಮೆಲ್ಲಮೆಲ್ಲನೆ ಬಳಕೆಗೆ ಬರುತ್ತಿರುವ ಮಾತು. ತಪ್ಪು ಪತ್ರಿಕೆಗಳದಲ್ಲ, ಕಾಣದ ವಸ್ತುವಿಗೆ ನಾಡು ಹೆಸರಿಡುವುದೆಂತು? ಪರ್ವತಕ್ಕೆ ನಾವು ಸಂಸ್ಕೃತದಿಂದ ಎರವಲು ತಂದುಕೊಂಡ ಹೆಸರು ‘ಅಚಲ’, ಎಂದರೆ ಚಲಿಸದುದು. ಆ ಹೆಸರನ್ನು ನಂಬಿ ಸಿಯಾಚಿನ್ನಿನಲ್ಲಿ ಒಂದು ರಾತ್ರಿಯನ್ನೂ ಕಳೆಯುವಂತಿಲ್ಲ.

ಹಿಮವೆಂದರೆ ಅರಳೆಯಂತೆ ಮೃದುವೆಂಬುದೂ ಬಯಲುನಾಡಿನ ನಮ್ಮ ಕಲ್ಪನೆಯೇ. ಕುಸಿದು ನಿಂತ ಹಿಮ ಕೆಲವೇ ನಿಮಿಷಗಳಲ್ಲಿ ಬಿಗಿದು ಕಾಂಕ್ರೀಟಿನಂತಾಗುತ್ತದೆ. ಒಳಗಿದ್ದವನಿಗೆ ಕೈಬೆರಳನ್ನು ಅಲುಗಿಸುವುದೂ ಅಸಾಧ್ಯ. ಆಲ್ಪ್ಸ್ ಪರ್ವತಗಳಲ್ಲಿ ಇಂಥ ಅಪಘಾತಗಳ ಲೆಕ್ಕವನ್ನು ದೀರ್ಘಕಾಲ ಇಟ್ಟಿದ್ದಾರೆ. ಹೂತವರನ್ನು ಕಾಲುಗಂಟೆಯೊಳಗೆ ಹೊರತೆಗೆದರೆ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಬದುಕುತ್ತಾರೆ. ೩೫ ನಿಮಿಷವಾಯಿತೆಂದರೆ ಮೂವರಲ್ಲಿ ಒಬ್ಬರು ಬದುಕುವುದೇ ಹೆಚ್ಚು. ಫೆಬ್ರವರಿ ೪ರಂದೇ, ಯಾರಾದರೂ ಬದುಕಿರುವ ಸಾಧ್ಯತೆ ಅತ್ಯಲ್ಪವೆಂದು ಸೇನೆಯಿಂದ ಪ್ರಕಟಣೆ ಹೊರಟಿತು. ಪ್ರಧಾನಮಂತ್ರಿಗಳ ಸಂತಾಪವೂ ಬಂದಿತು. ಬಯಲಿನಲ್ಲಿ ಕುಳಿತ ನಮ್ಮ ಲೆಕ್ಕಕ್ಕೆ ಆ ಹತ್ತು ಮಂದಿ ಅಂದೇ ತೀರಿಹೋಗಿದ್ದರು.

ಅಗೆಯುವವರು ಮಾತ್ರ ಗುದ್ದಲಿಯನ್ನು ಕೆಳಗಿಡಲಿಲ್ಲ.

ಅವರು ೧೫೦ಕ್ಕೂ ಹೆಚ್ಚು ಮಂದಿ ಯೋಧರು. ಆ ಎತ್ತರದಲ್ಲಿ ಉಸಿರಿಗೆ ಸಿಗುವ ಪ್ರಾಣವಾಯು ಸಮುದ್ರಮಟ್ಟದಲ್ಲಿರುವುದರ ಅರ್ಧದಷ್ಟು. ನಾಲ್ಕು ಹೆಜ್ಜೆ ನಡೆದರೆ ಎದೆ ಬಡಿದುಕೊಳ್ಳುವಲ್ಲಿ ಬಂಡೆಯಂಥ ಮಂಜುಗಡ್ಡೆಯನ್ನು ಒಡೆಯಬೇಕು, ಒಡೆದುದನ್ನು ಹೊತ್ತು ಹಾಕಬೇಕು. ರಾತ್ರಿಯ ಶೀತ ಸೊನ್ನೆಗಿಂತ ೪೫ ಡಿಗ್ರಿ ಕೆಳಗೆ. ಕಲ್ಲು ಕೊರೆಯುವ ಯಂತ್ರ, ವಿದ್ಯುತ್ ಗರಗಸ, ಆಳವನ್ನು ಶೋಧಿಸುವ ರೇಡಾರು, ಇವೆಲ್ಲ ಹೆಲಿಕಾಪ್ಟರಿನಲ್ಲಿ ಬರಬೇಕು; ಆ ತೆಳುಗಾಳಿಯಲ್ಲಿ ಹೆಲಿಕಾಪ್ಟರು ಹೊರಬಲ್ಲ ಭಾರವೋ ಬಲು ಸ್ವಲ್ಪ. ಡಾಟ್ ಮತ್ತು ಮಿಶಾ ಎಂಬ ಎರಡು ನಾಯಿಗಳೂ ಜೊತೆಗಿದ್ದವು. ಹಿಮದ ಸಂದುಗಳಿಂದ ಮೇಲೇರಿ ಬರುವ ಮನುಷ್ಯನ ವಾಸನೆಯನ್ನು ಹಿಡಿಯುವುದು ಅವುಗಳ ಕೆಲಸ. ಮೇಲಿನ ನೀರ್ಗಲ್ಲು ಮತ್ತೆ ಜಾರಿದರೆ ಅಗೆಯುವವರಿಗೂ ಅದೇ ಗತಿಯೆಂಬುದು ಅಲ್ಲಿ ಯಾರಿಗೂ ತಿಳಿಯದ ಸಂಗತಿಯಲ್ಲ.

ಫೆಬ್ರವರಿ ೮ರ ಸಂಜೆ, ಇಪ್ಪತ್ತೈದು ಅಡಿಗೂ ಆಳದಲ್ಲಿ, ಹನುಮಂತಪ್ಪನವರು ಸಿಕ್ಕಿದರು. ಉಸಿರಿತ್ತು. ಮಂಪರಿನಲ್ಲಿದ್ದರೂ ಪ್ರಜ್ಞೆ ಪೂರ್ತಿ ಹೋಗಿರಲಿಲ್ಲ. ಆರನೆಯ ದಿನ!

ಮರುದಿನ ಅವರನ್ನು ದೆಹಲಿಯ ಸೇನಾ ಆಸ್ಪತ್ರೆಗೆ ತಂದರು. ದೇಶವೆಲ್ಲ ‘ಪವಾಡ’ವೆಂದಿತು, ನಾವೂ ಎಂದೆವು. ಉತ್ತರ ಪ್ರದೇಶದ ಗೃಹಿಣಿಯೊಬ್ಬರು ತಮ್ಮ ಮೂತ್ರಪಿಂಡವನ್ನೇ ಕೊಡುವೆನೆಂದು ಮುಂದೆ ಬಂದರು. ಪವಾಡವೆಂಬ ಮಾತು ನಮ್ಮ ಶರಣರ ಕಥೆಗಳಿಂದ ಬಂದು ನಮ್ಮ ನಾಲಗೆಯಲ್ಲಿ ನೆಲೆಸಿದುದು. ಅದರ ಮೇಲೆ ನನಗೇನೂ ಮುನಿಸಿಲ್ಲ. ಆರು ದಿನ ಹಿಮದ ಗರ್ಭದಲ್ಲಿ ಜೀವ ಹಿಡಿದ ಆ ದೇಹದ ವಿಷಯದಲ್ಲಿ ಬೇರೆ ಮಾತು ಯಾರಿಗೂ ಹೊಳೆಯುವಂತಿರಲಿಲ್ಲ. ಆದರೆ ಅದೇ ಮಾತನ್ನು ಅವರನ್ನು ಹೊರತೆಗೆದ ಕೆಲಸಕ್ಕೂ ಹಚ್ಚಿದೆವಲ್ಲ, ಅದು ನ್ಯಾಯವಲ್ಲ. ಪವಾಡವೆಂದ ಕೂಡಲೇ ಕಾರಣ ಕೇಳುವುದನ್ನು ಬಿಡುತ್ತೇವೆ; ಬೊಬ್ಬೆಯೆದ್ದ ಕೈಗಳೂ ಹಿಮ ತಿಂದ ಬೆರಳುಗಳೂ ಕಣ್ಣಿಗೆ ಬೀಳದೆ ಹೋಗುತ್ತವೆ. ಸತ್ತರೆಂದು ಹೇಳಿಯಾದ ಮೇಲೆ ನಾಲ್ಕು ದಿನ ಅಗೆದುದು ಯಾವ ದೇವರ ಕೈಯೂ ಅಲ್ಲ.

ಇಂಥ ಕೆಲಸಕ್ಕೆ ಜಗತ್ತಿನಲ್ಲಿ ಒಂದು ಪರಂಪರೆಯೇ ಇದೆ. ೧೮೯೬ರ ಮಾರ್ಚ್ ೮ರಂದು ವಿಯೆನ್ನಾ ನಗರಕ್ಕೆ ದೂರವಲ್ಲದ ರಾಕ್ಸ್ ಪರ್ವತದಲ್ಲಿ ಮೂವರು ಆರೋಹಿಗಳು ಹಿಮಕುಸಿತಕ್ಕೆ ಬಲಿಯಾದರು. ಅದೇ ವರ್ಷ ಅಲ್ಲಿನ ಆರೋಹಿಗಳು ಕೂಡಿ ಕಟ್ಟಿದುದನ್ನು ಜಗತ್ತಿನ ಮೊದಲ ಪರ್ವತ ರಕ್ಷಣಾ ಸಂಸ್ಥೆಯೆನ್ನುತ್ತಾರೆ. ಇಂದಿಗೂ ಆಸ್ಟ್ರಿಯಾದಲ್ಲಿಯೂ ಬ್ರಿಟನ್ನಿನಲ್ಲಿಯೂ ಈ ಭಾರದ ಬಹುಪಾಲನ್ನು ಹೊತ್ತವರು ಸಂಬಳವಿಲ್ಲದ ಸ್ವಯಂಸೇವಕರು. ಕರೆ ಬಂದರೆ ತಮ್ಮ ಉದ್ಯೋಗವನ್ನು ನಡುವೆಯೇ ಬಿಟ್ಟು ಬೆಟ್ಟಕ್ಕೆ ಓಡುವವರು. ಸಿಯಾಚಿನ್ನಿನಲ್ಲಿ ಊರಿಲ್ಲ, ಊರವರಿಲ್ಲ. ಹೂತವನೂ ಸೈನಿಕ, ಹುಡುಕುವವನೂ ಸೈನಿಕ. ಗಡಿಯಾಚೆಯ ಕಥೆಯೂ ಇದೇ: ೨೦೧೨ರ ಏಪ್ರಿಲ್ ೭ರಂದು ಗಯಾರಿಯಲ್ಲಿ ಪಾಕಿಸ್ತಾನದ ೧೪೦ ಮಂದಿ ಹಿಮದಡಿ ಸಿಲುಕಿದರು, ಅವರ ದೇಹಗಳಿಗಾಗಿ ವರ್ಷಕ್ಕೂ ಮಿಕ್ಕಿ ಅಗೆದರು. ೨೦೧೬ರ ಈ ಅವಘಡದಲ್ಲಿ ಆ ದೇಶವು ನೆರವು ನೀಡಲು ಮುಂದೆ ಬಂದುದೂ, ಭಾರತವು ಅದನ್ನು ಒಲ್ಲೆನೆಂದುದೂ ದಾಖಲೆಯಲ್ಲಿದೆ.

ನಮ್ಮ ನೆರೆಯಲ್ಲಿಯೇ ಇನ್ನೊಂದು ನಿದರ್ಶನ ದೊರೆಯಿತು. ಕಲಘಟಗಿಯ ಸೀಮೆಯಲ್ಲಿ ಬೇಡ್ತಿಯೆನಿಸಿಕೊಂಡು ಹರಿಯುವ ಹೊಳೆ ಘಟ್ಟ ಇಳಿದು ಗಂಗಾವಳಿಯಾಗುತ್ತದಷ್ಟೆ. ಅದರ ದಂಡೆಯ ಶಿರೂರಿನಲ್ಲಿ ೨೦೨೪ರ ಜುಲೈ ೧೬ರಂದು ಗುಡ್ಡ ಜರಿದು, ಹೆದ್ದಾರಿಯಲ್ಲಿದ್ದವರು ಮಣ್ಣಿನೊಡನೆ ನದಿಯ ಪಾಲಾದರು. ಕೆಂಪುನೀರಿನ ಆ ಸೆಳವಿನಲ್ಲಿ, ಕಣ್ಣಿಗೆ ಏನೂ ಕಾಣದ ಆಳಕ್ಕೆ, ಉಡುಪಿ ಜಿಲ್ಲೆಯ ಈಶ್ವರ ಮಲ್ಪೆಯವರು ಸ್ವಯಂಸೇವಕರಾಗಿ ಮುಳುಗಿ ಹುಡುಕಿದರು. ಕೇರಳದ ಚಾಲಕನ ಲಾರಿಯೂ ಅದರಲ್ಲಿ ಆತನ ದೇಹವೂ ಸಿಕ್ಕಿದುದು ಸೆಪ್ಟೆಂಬರ್ ೨೫ಕ್ಕೆ. ಎರಡು ತಿಂಗಳ ಮೇಲೆ ಯಾರೂ ಜೀವವನ್ನು ನಿರೀಕ್ಷಿಸಿರಲಿಲ್ಲ. ಆದರೂ ಮನೆಯವರು ದಡದತ್ತ ನೋಡುತ್ತಿದ್ದರು, ಹುಡುಕಾಟ ನಡೆಯಿತು.

ಹನುಮಂತಪ್ಪನವರು ಫೆಬ್ರವರಿ ೧೧ರಂದು, ಮಧ್ಯಾಹ್ನಕ್ಕೆ ಕಾಲುಗಂಟೆ ಮುಂಚೆ, ಆಸ್ಪತ್ರೆಯಲ್ಲಿ ತೀರಿಕೊಂಡರು. ವಯಸ್ಸು ೩೩. ಮರುದಿನ ಬೆಟದೂರಿನ ಎರೆಮಣ್ಣಿನಲ್ಲಿ ಅವರನ್ನು ಮಣ್ಣು ಮಾಡಿದರು. ಸುತ್ತಣ ಹಳ್ಳಿಗಳೆಲ್ಲ ಅಂದು ಅಲ್ಲಿ ನೆರೆದಿದ್ದವು. ೨೦೧೭ರಲ್ಲಿ ಅವರಿಗೆ ಮರಣೋತ್ತರವಾಗಿ ಸೇನಾ ಪದಕ ಸಂದಿತು.

ಅತ್ತ ಸೋನಮ್ಮಿನಲ್ಲಿ ಉಳಿದ ಒಂಬತ್ತು ಮಂದಿಯನ್ನೂ ಅಗೆದು ತೆಗೆದಿದ್ದರು. ಹವೆ ಕೆಟ್ಟು ಹೆಲಿಕಾಪ್ಟರುಗಳು ಹಾರಲಾರದೆ ನಿಂತುದರಿಂದ ಆ ದೇಹಗಳು ಇನ್ನೂ ಕೆಲವು ದಿನ ಮೇಲೆಯೇ ಕಾಯಬೇಕಾಯಿತು. ತಿಂಗಳ ನಡುವೆ ಆಕಾಶ ತೆರವಾದ ಮೇಲೆ ಅವರನ್ನು ಒಬ್ಬೊಬ್ಬರನ್ನಾಗಿ ಅವರವರ ಊರಿಗೆ ಕಳಿಸಿಕೊಟ್ಟರು. ಹಾಸನದ ತೇಜೂರಿಗೆ ಸುಬೇದಾರ್ ನಾಗೇಶರು, ಹೆಗ್ಗಡದೇವನಕೋಟೆಯ ಸೀಮೆಗೆ ಸಿಪಾಯಿ ಮಹೇಶರು, ಮಿಕ್ಕವರು ತಮಿಳುನಾಡು, ಕೇರಳ, ಆಂಧ್ರ, ಮಹಾರಾಷ್ಟ್ರಗಳಿಗೆ.